ಹುಳುಮನೆಯಲ್ಲಿ ಹಿಡಿದ ಸದ್ದು

ಪ್ರಕಾಶ ಚಪ್ಪಲಿ ಬಿಡದೆ ಹುಳುಮನೆಯೊಳಕ್ಕೆ ಕಾಲಿಟ್ಟ. ಅಷ್ಟಕ್ಕೇ ನಟರಾಜುವಿನ ಮೈಯೆಲ್ಲ ಉರಿದುಹೋಯಿತು. ಅಲ್ಲಿ ರೇಷ್ಮೆ ಹುಳು ಸಾಕುವುದು ನಿಂತು ವರ್ಷಗಳೇ ಆಗಿದ್ದವು. ಅಣ್ಣತಮ್ಮಂದಿರು ಪಾಲಾದಾಗ ಹಿಪ್ಪುನೇರಳೆ ತೋಟ ಅಣ್ಣನಿಗೆ ಹೋಗಿ, ಸೊಪ್ಪಿಲ್ಲದ ಹುಳುಮನೆ ಇವನಿಗೆ ಬಂದಿತ್ತು. ಸಾತನೂರಿನ ಜನ ಅದನ್ನು ಹೇಳಿಕೊಂಡು ಎಷ್ಟು ದಿನ ನಕ್ಕರೋ. ಆದರೂ ಅಪ್ಪ ಬೋರಲಿಂಗಯ್ಯ ಇವತ್ತಿಗೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲಿಗೆ ಚೊಂಬು ನೀರು ಸುರಿದುಕೊಂಡೇ ಒಳಗೆ ಬರುತ್ತಿದ್ದರು. ಹೊರಗಿನ ಕೊಳೆ ಹುಳುವಿಗೆ ತಾಗಿದರೆ ಬೆಳೆ ಕೈಬಿಡುತ್ತದೆ ಎಂದು ಜೀವಮಾನವಿಡೀ ಹೆದರಿದವರು. ಹುಳು ಗೂಡು ಕಟ್ಟುತ್ತಿದ್ದ ಹಳೆಯ ಬಿದಿರಿನ ಚಂದ್ರಿಕೆಗಳನ್ನು ನಟರಾಜು ಗೋಡೆಯ ತುಂಬ ನೇತುಹಾಕಿದ್ದ. ಅವುಗಳ ಸುರುಳಿಗೆ ಸಿಕ್ಕಿದ ಸದ್ದು ವಾಪಸು ಬರುವುದಿಲ್ಲ, ಅಲ್ಲೇ ಸಾಯುತ್ತದೆ. ವಾರವೆಲ್ಲ ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಪ್ರೆಸ್ಸಿನ ಮುಂದೆ ನಿಂತು ತಗಡು ಒತ್ತಿಸುವುದು, ರಜೆಯ ದಿನ ಇಲ್ಲಿ ಬಾಗಿಲು ಹಾಕಿಕೊಂಡು ರೆಕಾರ್ಡಿಂಗ್ ಮಾಡುವುದು: ನಾಟಕದವರಿಗೆ ಗುಡುಗು, ಆಟೊದಲ್ಲಿ ಕೂಗಿಸುವುದಕ್ಕೆ ಜಾಹೀರಾತು, ಮದುವೆ ವಿಡಿಯೊಗೆ ಹಾಡು. ಇಂಥ ಜಾಗಕ್ಕೆ ಪ್ರಕಾಶ ಬರುತ್ತಾನೆ ಎಂದು ಬೆಳಗ್ಗೆಯೇ ನೆಲ ಗುಡಿಸಿ, ಗೋಣಿತಟ್ಟು ಕೊಡವಿ ಹಾಸಿದ್ದ. ಕಾಫಿ ಕೊಡಬಾರದು ಎಂದು ರಾತ್ರಿಯೇ ತೀರ್ಮಾನಿಸಿದ್ದವನು ಬೆಳಗಾಗುತ್ತಲೇ ಹೆಂಡತಿಗೆ ಹೇಳಿ ಹಾಲು ತರಿಸಿದ್ದ. ಈಗ ಆ ಗೋಣಿತಟ್ಟಿನ ಮೇಲೆ ಪ್ರಕಾಶನ ಚಪ್ಪಲಿಯ ಕೆಮ್ಮಣ್ಣು ಕೂತಿತ್ತು.

"ಏನ್ಲಾ ನಟ್ರಾಜ, ಹುಳದ ವಾಸ್ನೆ ಇನ್ನೂ ಹಂಗೇ ಐತಲ್ಲೋ."

"ಬಾ ಪ್ರಕಾಶಣ್ಣ, ಕೂತ್ಕೊ," ಎಂದ ನಟರಾಜು. ತನ್ನ ಬಾಯಿಂದ ಅಷ್ಟು ಮೆತ್ತಗಿನ ಮಾತು ಬಂದದ್ದಕ್ಕೆ ತನ್ನನ್ನೇ ಬೈದುಕೊಂಡ.

ಕನಕಪುರದ ಸುತ್ತ ಪ್ರಕಾಶನನ್ನು ಅರಿಯದವರಿಲ್ಲ. ಆರ್ಕೆಸ್ಟ್ರಾ ಕಟ್ಟಿದವನು, ಕೀಬೋರ್ಡ್ ನುಡಿಸುವವನು, ಈಗ ಖಾಸಗಿ ಶಾಲೆಯೊಂದರಲ್ಲಿ ಸಂಗೀತದ ಮೇಷ್ಟ್ರು. ಆ ಆರ್ಕೆಸ್ಟ್ರಾದಲ್ಲಿ ನಟರಾಜು ಹಾಡಿನ ಅಡಿಗೆ ದಪ್ಪ ದನಿ ಕೊಡುವ ಬಾಸ್ ಗಿಟಾರ್ ನುಡಿಸುತ್ತಿದ್ದ. ಬಾಸ್ ನುಡಿಸುವವನ ಪಾಡು ಅಡಿಗೆಮನೆಯಲ್ಲಿ ಉಪ್ಪು ಹಾಕುವವನ ಪಾಡು. ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಹೆಚ್ಚಾದರೆ ಎಲ್ಲರೂ ಬೈಯುತ್ತಾರೆ. ಅದೂ ಒಪ್ಪಿಗೆಯಾಗಿಯೇ ಇತ್ತು ಅವನಿಗೆ, ಆ ಒಂದು ಮದುವೆ ರಿಸೆಪ್ಶನ್‌ವರೆಗೆ. ಪ್ರಕಾಶ ಗೋಣಿತಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬಂದ ಕೆಲಸ ಹೇಳತೊಡಗಿದ. ಹಾರೋಹಳ್ಳಿಯ ಕಾರ್ಖಾನೆ ನೌಕರರ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಒಂದು ಹಾಡು ಮಾಡಿಕೊಡು ಅಂದಿದ್ದಾರೆ. ಹೊಸ ಜಿಲ್ಲೆಯೂ ಆಗಿದೆ, ಈ ಸಲ ಜೋರು. ಸೀಡಿ ಬಿಡುಗಡೆ, ಶಾಲು, ಹಾರ. ಹಾಡು ಬರೆದಾಗಿದೆ, ಹುಡುಗಿಯ ಕೈಲಿ ಹಾಡಿಸಿ ಆಗಿದೆ, ಡೋಲು ತಮಟೆ ಎಲ್ಲ ಆಗಿದೆ. ಆದರೆ ಮೊದಲಲ್ಲಿ ಬೇಕಾದ್ದು ಒಂದು ಸಿಕ್ಕಿಲ್ಲ.

"ಶುರುನಲ್ಲಿ ಹಾಡೂ ಇರಬಾರ್ದು, ತಮಟೇನೂ ಇರಬಾರ್ದು ಕಣ್ಲಾ. ಬರೀ ಮಿಷನ್ನು. ಪ್ರೆಸ್ಸು ಬೀಳ್ತದಲ್ಲ, ಆ ಸದ್ದು. ಆದ್ರೆ ಅದು ಹಾಡ್ಬೇಕು. ಒಂದು ನಿಮ್ಷ ಜನ ಉಸ್ರು ಹಿಡ್ಕೊಂಡು ಕೇಳ್ಬೇಕು, ಆಮೇಲೆ ಹುಡುಗಿ ದನಿ ಬರ್ಬೇಕು. ಕೀಬೋರ್ಡಲ್ಲಿ ಎಲ್ಲಾ ಒತ್ತಿ ನೋಡ್ದೆ, ಬರ್ಲಿಲ್ಲ. ಆಗ ನಿನ್ ಗ್ಯಾನ ಬಂತು."

ಕೀಬೋರ್ಡಿನಲ್ಲಿ ಬರಲಿಲ್ಲ. ಆ ಮಾತನ್ನು ನಟರಾಜು ನಾಲಿಗೆಯ ಮೇಲಿಟ್ಟು ಚಪ್ಪರಿಸಿದ. ಕೀಬೋರ್ಡಿನಲ್ಲಿ ಅವತ್ತು ಎಲ್ಲವೂ ಬಂದಿತ್ತಲ್ಲ. ಕನಕಪುರದ ಛತ್ರ, ಹಸಿರು ಹಳದಿ ಸೀರಿಯಲ್ ಸೆಟ್ಟು, ಸ್ಟೇಜಿನ ಹಿಂದೆ ಬಾಳೆಎಲೆಯ ರಾಶಿ. ಪ್ರಕಾಶ ಹೊಸ ಕೀಬೋರ್ಡ್ ತಂದಿದ್ದ. ಎಡಗೈ ಬೆರಳಿಟ್ಟರೆ ಬಾಸು, ಇನ್ನೊಂದು ಗುಂಡಿ ಒತ್ತಿದರೆ ಡ್ರಮ್ಮು. ಎಲ್ಲರೂ ಅದರ ಸುತ್ತ ನೆರೆದು ಮುಟ್ಟಿ ಮುಟ್ಟಿ ನೋಡುತ್ತಿದ್ದಾಗ ಪ್ರಕಾಶ ಇವನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದಿದ್ದ. "ಇವತ್ತು ನೀನು ವೈರು ಚುಚ್ಬೇಡ. ಎರಡೆರಡು ಬಾಸಾದ್ರೆ ಕಿವಿಗೆ ಹೊಡೀತದೆ. ಸುಮ್ಕೆ ನಿಂತ್ಕೊಂಡು ಬೆರಳಾಡ್ಸು. ಹೆಣ್ಣಿನೋರಿಗೆ ಎಂಟು ಜನ ಅಂತ ಹೇಳ್ಬುಟ್ಟಿವ್ನಿ." ಅವನು ನಿಂತ. ವೈರಿಲ್ಲದ, ದನಿಯಿಲ್ಲದ ಗಿಟಾರನ್ನು ಹೊಟ್ಟೆಗೆ ಒತ್ತಿಕೊಂಡು, ತಾಳಕ್ಕೆ ತಲೆ ಆಡಿಸುತ್ತ, ನಗುತ್ತ, ಬೆರಳಾಡಿಸಿದ. ನಗು ಯಾಕೆ ಬಂತೋ ಇವತ್ತಿಗೂ ಅವನಿಗೆ ತಿಳಿಯದು. ಎದುರಿನ ಕುರ್ಚಿಯಲ್ಲಿ ಅವನ ಹೆಂಡತಿ, ಹೊಸದಾಗಿ ಮದುವೆಯಾಗಿದ್ದ ಭಾನುಪ್ರಿಯ, ಕೂತಿದ್ದಳು; ಹೆಣ್ಣು ಅವಳ ಚಿಕ್ಕಪ್ಪನ ಮಗಳು. ಸಾತನೂರಿಗೆ ವಾಪಸು ಬರುವ ಬಸ್ಸಿನಲ್ಲಿ ಅವಳು ಅವನ ತೋಳಿಗೆ ಒರಗಿ, "ಎಲ್ಲಾರ್ಗಿಂತ ನಿಮ್ದೇ ಚೆನ್ನಾಗಿತ್ತು ಕಣ್ರೀ," ಅಂದಳು. ಆ ಒಂದು ಮಾತು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತು. ಹೌದಾ ಅಂದ, ಕಿಟಕಿ ಕಡೆ ತಿರುಗಿದ. ಮಾರನೆಯ ದಿನದಿಂದ ಆರ್ಕೆಸ್ಟ್ರಾಕ್ಕೆ ಹೋಗಲಿಲ್ಲ, ಯಾರೂ ಕರೆಯಲೂ ಇಲ್ಲ. ವೈರು ಚುಚ್ಚಿರಲಿಲ್ಲ ಎಂಬುದನ್ನು ಅವಳಿಗೆ ಹೇಳಲೂ ಇಲ್ಲ.

"ಒಂದು ಸದ್ದು ಐತೆ," ಎಂದ ನಟರಾಜು. "ಕೇಳು, ಬೇಕಾದ್ರೆ ಇಟ್ಕೊ."

ಆ ಸದ್ದು ಅವನಿಗೆ ಸಿಕ್ಕಿದ್ದು ಸಿಟ್ಟಿನಲ್ಲಿ. ಆರ್ಕೆಸ್ಟ್ರಾ ಬಿಟ್ಟಾಗ ಬಾಸಿಗೆಂದೇ ಇದ್ದ, ಸದ್ದು ಹಿಗ್ಗಿಸುವ ಸ್ಪೀಕರಿನ ಪೆಟ್ಟಿಗೆ, ಆ ದೊಡ್ಡ ಆಂಪು, ಪ್ರಕಾಶನ ಮನೆಯಲ್ಲೇ ಉಳಿಯಿತು. ಇವನ ಬಳಿ ಇದ್ದದ್ದು ಬೆಂಗಳೂರಿನ ಹಳೆ ಸಾಮಾನಿನ ಅಂಗಡಿಯಿಂದ ತಂದ, ಮಾಮೂಲಿ ಗಿಟಾರಿನ ಸಣ್ಣ ಆಂಪು. ಬಾಸನ್ನು ಅದಕ್ಕೆ ಹಾಕಬಾರದು, ದಪ್ಪ ತಂತಿಯ ಹೊಡೆತಕ್ಕೆ ಸ್ಪೀಕರಿನ ಕಾಗದ ಹರಿಯುತ್ತದೆ ಎಂದು ತಿಳಿದವರೆಲ್ಲ ಹೇಳುತ್ತಾರೆ. ಹರಿದರೆ ಹರಿಯಲಿ ಎಂದು ಒಂದು ದಿನ ಅದಕ್ಕೇ ಚುಚ್ಚಿ, ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ಪ್ರಕಾಶನ ಬೆನ್ನಿಗೆ ಬಾರಿಸುವ ಹಾಗೆ ಬಾರಿಸಿದ್ದ. ಕಾಗದ ಹರಿಯಲಿಲ್ಲ. ಅದರ ಬದಲು ಆಂಪು ಬಾಯಿಬಿಟ್ಟು ಗರ್ಜಿಸಿತು. ಗಂಟಲು ಕಟ್ಟಿದ ಕೋಣ ಕೂಗಿದ ಹಾಗೆ, ದಪ್ಪ ತಗಡನ್ನು ನಿಧಾನವಾಗಿ ಸೀಳಿದ ಹಾಗೆ. ನಟರಾಜು ಅದನ್ನು ಕೇಳಿ ಹೆದರಿ ಕೈ ತೆಗೆದಿದ್ದ. ಆಮೇಲೆ ಮತ್ತೆ ಇಟ್ಟ. ಆಮೇಲೆ ಬಿಡಲೇ ಇಲ್ಲ. ಊರಿನವರ ಮುಂದೆ, ಕೆಲಸದವರ ಮುಂದೆ, ಹೆಂಡತಿಯ ಮುಂದೆ ಹೇಳಲಾಗದ್ದನ್ನೆಲ್ಲ ಆ ಡಬ್ಬಿ ಅವನ ಪರವಾಗಿ ಹೇಳುತ್ತಿತ್ತು. ಎಷ್ಟೋ ಭಾನುವಾರ ಬರೀ ಅದಕ್ಕೆಂದೇ ಹುಳುಮನೆಯ ಬಾಗಿಲು ಹಾಕಿಕೊಂಡಿದ್ದ.

ಈಗ ಅದೇ ಸದ್ದನ್ನು ಪ್ರಕಾಶನಿಗೆ ಕೊಡಲು ಕೂತಿದ್ದ. ಯಾಕೆ ಕೊಡಬೇಕು ಎಂದು ಯೋಚಿಸುತ್ತಲೇ ಕೈ ಕೆಲಸ ಮಾಡುತ್ತಿತ್ತು. ಗಿಟಾರಿನ ಸದ್ದನ್ನು ಎರಡು ದಾರಿ ಮಾಡಿದ. ಒಂದು ವೈರು ಸೀದಾ ಕಂಪ್ಯೂಟರಿಗೆ. ಅದರಲ್ಲಿ ತೂಕ ಇರುತ್ತದೆ, ಸಿಟ್ಟು ಇರುವುದಿಲ್ಲ. ಇನ್ನೊಂದು ಆಂಪಿಗೆ, ಆಂಪಿನ ಮುಂದೆ ಮೈಕು. ಅಲ್ಲಿ ಸಿಟ್ಟು ಸಿಗುತ್ತದೆ, ತೂಕ ಸೋರಿಹೋಗಿರುತ್ತದೆ. ಎರಡನ್ನೂ ಬೆರೆಸಿದರೆ ಮಾತ್ರ ಮನುಷ್ಯನ ಎದೆಗೆ ನಾಟುವ ಸದ್ದು ಬರುತ್ತದೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಮೈಕನ್ನು ಸ್ಪೀಕರಿನ ನಡುಮಧ್ಯಕ್ಕೆ ಹಿಡಿದರೆ ಜೀರುಂಡೆ, ಅಂಚಿಗೆ ಸರಿಸಿದರೆ ಕೋಣ. ಸರಿಸಿ ಸರಿಸಿ, ಮಂಡಿಯೂರಿ ಕಿವಿಗೊಟ್ಟು, ಇಲ್ಲಿ ಅನ್ನಿಸಿದ ಕಡೆ ನಿಲ್ಲಿಸಿದ. ಕರೆಂಟು ಹೋಗುವುದರೊಳಗೆ ಮುಗಿಸಬೇಕಿತ್ತು. ಕೆಟ್ಟದಾಗಿ ನುಡಿಸಿಬಿಡಬೇಕು, ಬೇಕೆಂದೇ ತಾಳ ತಪ್ಪಿಸಬೇಕು, ಬರಲಿಲ್ಲ ಪ್ರಕಾಶಣ್ಣ ಅಂತ ಹೇಳಿ ಕಳಿಸಬೇಕು ಎಂದು ಮನಸ್ಸು ಮಾಡಿದ. ಬೆರಳುಗಳು ಕೇಳಲಿಲ್ಲ. ಪ್ರೆಸ್ಸಿನ ಮುಂದೆ ನಿಂತು ನಿಂತು ಆ ಯಂತ್ರದ ಲಯ ಅವನ ಮೂಳೆಗೆ ಇಳಿದಿತ್ತು. ಮೇಲೇರುವಾಗಿನ ನಿಟ್ಟುಸಿರು, ಬೀಳುವ ಮುಂಚಿನ ಆ ಅರೆಕ್ಷಣ, ಆಮೇಲಿನ ಧಡಲ್. ಅದೆಲ್ಲ ತಂತಿಗೆ ಬಂತು. ಚಂದ್ರಿಕೆಗಳಿಂದ ಹಳೇ ಧೂಳು ಉದುರಿತು. ಗೋಡೆಯಾಚೆ ಅಡಿಗೆಮನೆಯ ಸ್ಟ್ಯಾಂಡಿನಲ್ಲಿ ಲೋಟಗಳು ಗಲಗಲ ಅಂದವು. ಯಾವತ್ತೂ ಇಷ್ಟು ಚೆನ್ನಾಗಿ ನುಡಿಸಿರಲಿಲ್ಲ. ಅದೂ ಪ್ರಕಾಶನೊಬ್ಬನ ಮುಂದೆ, ಛೀ.

ನಿಲ್ಲಿಸಿದಾಗ ಪ್ರಕಾಶ ಕಣ್ಣು ಮುಚ್ಚಿಯೇ ಕೂತಿದ್ದ. ಆಮೇಲೆ ಎದ್ದು ಬಂದು ಇವನ ಬಲಗೈಯನ್ನು ಹಿಡಿದು ಬೆರಳುಗಳನ್ನು ತಿರುಗಿಸಿ ನೋಡಿದ.

"ಇದು ಕಣ್ಲಾ. ಇದೇ. ನಿನ್ ಕೈಲಿ ಇಷ್ಟು ಐತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಬುಡು."

ಗೊತ್ತೇ ಇರಲಿಲ್ಲ. ಹಾಗಾದರೆ ಅಷ್ಟು ವರ್ಷ ಪಕ್ಕದಲ್ಲೇ ನಿಂತಿದ್ದವನು ಏನು ಕೇಳುತ್ತಿದ್ದ? ನಟರಾಜುವಿಗೆ ತಡೆಯಲಾಗಲಿಲ್ಲ. ವೈರು ಸುತ್ತುತ್ತ, ಮುಖ ನೋಡದೆ, "ಕನಕಪುರದ ಛತ್ರದಲ್ಲಿ ರಿಸೆಪ್ಶನ್ ಮಾಡಿದ್ವಲ್ಲ ಪ್ರಕಾಶಣ್ಣ, ನೀನು ಹೊಸ ಕೀಬೋರ್ಡ್ ತಂದಿದ್ದೆ, ನೆಪ್ಪೈತಾ?" ಅಂದ. ಒಂದು ಮಾತು ಸಾಕಾಗಿತ್ತು. ಹೌದು ಕಣ್ಲಾ, ಅವತ್ತು ತಪ್ಪಾಯ್ತು ಅನ್ನುವುದೂ ಬೇಡ, ಮುಖ ಒಂದಿಷ್ಟು ಕಪ್ಪಿಟ್ಟಿದ್ದರೆ ಸಾಕಿತ್ತು.

ಪ್ರಕಾಶ ಹುಬ್ಬು ಗಂಟಿಕ್ಕಿ ಯೋಚಿಸಿದ. "ಯಾವ್ದು? ಪಾಯ್ಸ ಹಳಸೋಗಿತ್ತಲ್ಲ, ಅದಾ? ಅಯ್ಯೋ, ಏನ್ ಬೈದಾಡಿದ್ರು ಭಟ್ರನ್ನ!" ಎಂದು ತೊಡೆ ತಟ್ಟಿ ನಕ್ಕ. ಪಾಯಸ ನೆನಪಿತ್ತು ಅವನಿಗೆ. ಅಡಿಗೆಭಟ್ಟರು ಬೈಸಿಕೊಂಡದ್ದು ಕೂಡ ನೆನಪಿತ್ತು. ಅಷ್ಟರಲ್ಲಿ ಭಾನುಪ್ರಿಯ ಕಾಫಿ ತಂದಳು, ಬಾಗಿಲಾಚೆ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು. "ಚೆನ್ನಾಗಿದ್ದೀಯಾ ತಾಯಿ? ನಿನ್ ಗಂಡ ಇವತ್ತು ಮನೆ ಬೀಳಿಸ್ಬುಡ್ತಿದ್ದ," ಎಂದು ಪ್ರಕಾಶ ಅವಳ ಜೊತೆಗೂ ನಕ್ಕ. ಅವಳು ಗಂಡನ ಕಡೆ ನೋಡಿ ನಕ್ಕಳು. ಅವಳ ಮುಖದಲ್ಲಿ ಹೆಮ್ಮೆ ಇತ್ತು. ನಟರಾಜು ಆ ಗಳಿಗೆಯಲ್ಲಿ ಪ್ರಕಾಶನನ್ನು ಕೊಂದೇಬಿಡಬಹುದಿತ್ತು. ಕೈಯಲ್ಲಿ ಕಾಫಿ ಲೋಟವಿತ್ತು, ಕುಡಿದ.

ಮಧ್ಯಾಹ್ನದ ಬಸ್ಸಿಗೆ ಅವನನ್ನು ಹತ್ತಿಸಿ ಬಂದು, ಊಟಕ್ಕೂ ಹೋಗದೆ ಕಂಪ್ಯೂಟರಿನ ಮುಂದೆ ಕೂತ. ಹುಡುಗಿಯ ಹಾಡು, ತಮಟೆ, ಎಲ್ಲವನ್ನೂ ಪ್ರಕಾಶ ಕೊಟ್ಟುಹೋಗಿದ್ದ. ಬಾಸು ಸೇರಿಸಿ ಸೀಡಿ ಮಾಡಿಕೊಡುವುದಷ್ಟೇ ಉಳಿದಿತ್ತು. ಸೇಡು ತೀರಿಸಿಕೊಳ್ಳಬೇಕು ಎಂದು ಹೊರಟವರಿಗೆ ದಾರಿ ಹುಡುಕುವುದೇ ದೊಡ್ಡ ಕೆಲಸ. ಇವನಿಗೆ ದಾರಿ ಹೋದ ವರ್ಷವೇ ಸಿಕ್ಕಿತ್ತು, ಆಗ ಅದು ದಾರಿ ಎಂದು ಗೊತ್ತಾಗಿರಲಿಲ್ಲ ಅಷ್ಟೆ. ಒಂದು ಮದುವೆ ಹಾಡಿಗೆ ಕೊಳಲಿನ ದನಿ ರೆಕಾರ್ಡ್ ಮಾಡಿ ಸೀಡಿ ಮಾಡಿಕೊಟ್ಟಿದ್ದ. ಮನೆಯಲ್ಲಿ ಕೇಳಿದರೆ ಕೊಳಲು ಕಿವಿಯ ಎರಡೂ ಕಡೆ ಹರಿಯುತ್ತಿತ್ತು. ಮದುವೆಯಲ್ಲಿ, ಬಾಡಿಗೆಗೆ ಸೆಟ್ಟು ಹಾಕುವ ವಜೀರನ ಮೈಕ್‌ಸೆಟ್ಟಿನಲ್ಲಿ, ಕೊಳಲೇ ಇಲ್ಲ. ಹಾಡಿದೆ, ತಬಲ ಇದೆ, ಕೊಳಲು ಮಾತ್ರ ಯಾರೋ ಒರೆಸಿ ತೆಗೆದ ಹಾಗೆ. ಎಷ್ಟೋ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು: ತಾನು ಬೆಸುಗೆ ಹಾಕಿದ ವೈರು ತಿರುವುಮುರುವಾಗಿ, ಒಂದೇ ಸದ್ದು ಎಡಕ್ಕೆ ನೆಟ್ಟಗೆ, ಬಲಕ್ಕೆ ತಲೆಕೆಳಗಾಗಿ ಹೋಗಿತ್ತು. ಎರಡು ಕಿವಿಗೆ ಬೇರೆ ಬೇರೆಯಾಗಿ ಹೋದರೆ ತೊಂದರೆಯಿಲ್ಲ, ತಲೆಯ ಸುತ್ತ ಸುತ್ತಿದ ಹಾಗೆ ಇನ್ನೂ ಚೆಂದವಾಗಿಯೇ ಕೇಳುತ್ತದೆ. ಆದರೆ ಎರಡನ್ನೂ ಒಂದೇ ವೈರಿಗೆ ಸೇರಿಸಿದರೆ, ಒಂದು ಏರುವಾಗ ಇನ್ನೊಂದು ಇಳಿದು, ಏರಿದ್ದನ್ನು ಇಳಿದದ್ದು ನುಂಗಿ ಪೂರಾ ಸೊನ್ನೆ. ಮತ್ತು ವಜೀರ ಯಾವತ್ತೂ ಸೇರಿಸುತ್ತಿದ್ದ. ಪ್ಲೇಯರಿನ ಕೆಂಪು ವೈರು, ಬಿಳಿ ವೈರು, ಎರಡರ ತಲೆಯನ್ನೂ ಹಲ್ಲಲ್ಲಿ ಸುಲಿದು ಹೊಸೆದು ಒಂದು ಮಾಡಿ ಚುಚ್ಚುತ್ತಿದ್ದ. ಕೇಳಿದರೆ, "ಬಯಲಲ್ಲಿ ಎಡ ಯಾವ್ದು ಬಲ ಯಾವ್ದು ಅಣ್ಣ? ಎಲ್ಲಾ ಕಂಬ್ದಲ್ಲೂ ಎಲ್ಲಾ ಕೇಳ್ಬೇಕು," ಅನ್ನುತ್ತಿದ್ದ. ಹಾರೋಹಳ್ಳಿಯ ರಾಜ್ಯೋತ್ಸವಕ್ಕೆ ಪ್ರತಿ ವರ್ಷವೂ ವಜೀರನದೇ ಸೆಟ್ಟು.

ಬಾಸಿನ ತೂಕವನ್ನೂ ಸಿಟ್ಟನ್ನೂ ಬೆರೆಸಿ ಒಂದು ಮಾಡಿದ. ಆ ಒಂದನ್ನು ಎರಡು ಮಾಡಿ, ಎಡಕ್ಕೊಂದು ಬಲಕ್ಕೊಂದು ಇಟ್ಟ. ಬಲದ್ದನ್ನು ತಲೆಕೆಳಗು ಮಾಡಿದ. ಹೆಡ್‌ಫೋನಿನಲ್ಲಿ ಕೇಳಿದಾಗ ತಲೆಯ ಹಿಂದಿನಿಂದ ಎದ್ದು ಬಂತು, ಮೈ ಜುಂ ಅಂದಿತು. ಎರಡನ್ನೂ ಸೇರಿಸಿ ಕೇಳಿದ. ಏನೂ ಇಲ್ಲ. ಮತ್ತೆ ಬಿಡಿಸಿದ, ಇದೆ. ಸೇರಿಸಿದ, ಇಲ್ಲ. ಪ್ರಕಾಶ ಸ್ಟೇಜಿನ ಮೇಲೆ ನಿಂತು ಕೈಯೆತ್ತಿ, ಕೇಳಿ ನಮ್ಮ ಹಾರೋಹಳ್ಳಿಯ ಸದ್ದು ಎಂದು ಹೇಳುತ್ತಾನೆ. ಜನ ಕಿವಿಗೊಡುತ್ತಾರೆ. ಏನೂ ಇಲ್ಲ. ಇದನ್ನೇ ನೆನೆದು ನೆನೆದು ಒಬ್ಬನೇ ನಕ್ಕ. ಆ ನಗು ಅವನಿಗೇ ಹೊಸದಾಗಿತ್ತು. ಊಟಕ್ಕೆ ಕರೆಯಲು ಬಂದ ಭಾನುಪ್ರಿಯ ಬಾಗಿಲಲ್ಲೇ ನಿಂತು, "ಏನ್ರೀ ಒಬ್ರೇ ನಗ್ತಿದ್ದೀರಾ?" ಅಂದಳು. "ಕೆಲ್ಸ ಚೆನ್ನಾಗಿ ಆಯ್ತು," ಎಂದ. ಅದು ಸುಳ್ಳೂ ಆಗಿರಲಿಲ್ಲ.

ಸೀಡಿ ತಲುಪಿಸಿದ ಸಂಜೆಯೇ ಪ್ರಕಾಶ ಫೋನು ಮಾಡಿದ. "ಬಸ್ಸಲ್ಲಿ ಸೀಡಿ ವಾಕ್‌ಮನ್ನಿಗೆ ಹೆಡ್‌ಫೋನ್ ಹಾಕ್ಕೊಂಡು ಕೇಳ್ದೆ ಕಣ್ಲಾ. ತಲೆವೊಳ್ಗೇ ಪ್ರೆಸ್ಸು ಬಿದ್ದಂಗಾಯ್ತು. ನಮ್ ಸ್ಟಾಪು ಬಂದಿದ್ದೇ ಗೊತ್ತಾಗ್ಲಿಲ್ಲ, ಮುಂದಿನ ಸ್ಟಾಪಿಂದ ನಡ್ಕೊಂಡ್ ಬಂದೆ. ಮತ್ತೆ ಹಾಕ್ದೆ, ಮತ್ತೆ ಹಾಕ್ದೆ. ಹಾಡೇ ಬ್ಯಾಡ ಅನ್ನಿಸ್ತು, ಬರೀ ನಿನ್ ಬಾಸೇ ಸಾಕು." ಫೋನು ಹಿಡಿದು ನಟರಾಜು ಕಾರ್ಖಾನೆಯ ಗೇಟಿನ ಹೊರಗೆ ನಿಂತಿದ್ದ. ಯಾರಾದರೂ ಹೀಗೆ ಹೇಳಲಿ ಎಂದು ಎಷ್ಟು ವರ್ಷ ಕಾದಿದ್ದ! ಹೇಳಿದವನು ಪ್ರಕಾಶನೇ ಆಗಬೇಕೆ? ಬದಲಾಯಿಸಿ ಇನ್ನೊಂದು ಸೀಡಿ ಕೊಡಲೇ ಎಂದು ಗಂಟಲವರೆಗೆ ಬಂತು. ಒಂದು ಗುಂಡಿ ಒತ್ತುವ ಕೆಲಸ. ಅಷ್ಟರಲ್ಲಿ ಪ್ರಕಾಶ, "ಮುಂದಿನ್ ಸಲ ಆರ್ಕೆಸ್ಟ್ರಾಕ್ಕೆ ಬಂದ್ಬುಡ್ಲಾ. ಬೇಕಾದ್ರೆ ನಿಂಗೂ ಒಂದ್ ವೈರು ಕೊಡ್ತೀನಿ," ಎಂದು ನಕ್ಕ. ತಮಾಷೆಗೆ ಅಂದದ್ದು, ಅದರಲ್ಲಿ ಅನುಮಾನವಿಲ್ಲ. ಬೇರೆ ಯಾರಾದರೂ ಅಂದಿದ್ದರೆ ತಮಾಷೆಯಾಗಿಯೇ ಇರುತ್ತಿತ್ತು. "ಆಯ್ತಣ್ಣ," ಎಂದು ಫೋನಿಟ್ಟ. ಸೀಡಿ ಹಾಗೇ ಉಳಿಯಿತು.

ಕಾರ್ಯಕ್ರಮದ ದಿನ ಹಾರೋಹಳ್ಳಿಯ ಬಯಲಿನ ತುಂಬ ಜನ. ಮೊದಲ ಪಾಳಿ ಮುಗಿಸಿದವರು ಯೂನಿಫಾರ್ಮಿನಲ್ಲೇ ಬಂದಿದ್ದರು. ಕೆಂಪು ಹಳದಿ ಬಾವುಟ, ಕಂಬಕ್ಕೊಂದು ಟ್ಯೂಬ್‌ಲೈಟು, ಕಂಬಕ್ಕೊಂದು ಸ್ಪೀಕರು. ನಟರಾಜು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಭಾನುಪ್ರಿಯಳನ್ನು ಹೆಂಗಸರ ಕಡೆ ಕೂರಿಸಿ, ತಾನು ಸ್ಟೇಜಿನ ಪಕ್ಕ, ವಜೀರನ ಟೇಬಲ್ಲಿನ ಹತ್ತಿರ ಜಾಗ ಮಾಡಿಕೊಂಡ. ಕೆಂಪು ವೈರು, ಬಿಳಿ ವೈರು, ನಡುವೆ ಹೊಸೆದ ತಾಮ್ರದ ಗಂಟು. ಅದರ ಮೇಲೆ ವಜೀರ ಟೇಪು ಸುತ್ತಿದ್ದ. ಅದನ್ನು ನೋಡಿ ನಟರಾಜುವಿನ ಹೊಟ್ಟೆ ತಣ್ಣಗಾಯಿತು. ಸಂಘದ ಕಾರ್ಯದರ್ಶಿ ಚಲುವಯ್ಯ ಸ್ವಾಗತ ಮಾಡಿ, ಹಾರ ಹಾಕಿಸಿ, ಪ್ರಕಾಶನ ಕೈಗೆ ಮೈಕು ಕೊಟ್ಟ. ಪ್ರಕಾಶ ರೇಷ್ಮೆ ಜುಬ್ಬ ಹಾಕಿಕೊಂಡಿದ್ದ. ಬೆಳಕಿನಲ್ಲಿ ಅವನ ಹಣೆ ಹೊಳೆಯುತ್ತಿತ್ತು.

"ಹಾಡಿಗೆ ಮುಂಚೆ ಒಂದು ಸದ್ದು ಕೇಳ್ಬೇಕು ನೀವು," ಅಂದ. "ದಿನಾ ನಿಮ್ಮ ಕಿವಿಗೆ ಬೀಳೋದೇ. ಆದ್ರೆ ಹಿಂಗೆ ಯಾವತ್ತೂ ಕೇಳಿಲ್ಲ. ಒಸಿ ಸದ್ದು ಮಾಡ್ದಂಗೆ ಇರಿ." ಆಮೇಲೆ ವಜೀರನ ಕಡೆ ತಿರುಗಿ ಕೈಯೆತ್ತಿದ.

ವಜೀರ ಗುಂಡಿ ಒತ್ತಿದ. ಬಯಲು ಸುಮ್ಮನಾಯಿತು. ಏನೂ ಬರಲಿಲ್ಲ. ಸ್ಪೀಕರುಗಳಲ್ಲಿ ಜುಂಯ್ ಎನ್ನುವ ಕರೆಂಟಿನ ಸದ್ದಷ್ಟೇ. ಪ್ರಕಾಶ ಎತ್ತಿದ ಕೈ ಇಳಿಸಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದ, ತುಟಿಯಲ್ಲಿ ನಗುವಿತ್ತು. ಹಾಗೇ ನಿಂತ. ನಟರಾಜುವಿಗೆ ಆ ಮೌನ ಪಾಯಸಕ್ಕಿಂತ ಸಿಹಿಯಾಗಿತ್ತು. ಒಳಗೆ ಒಂದೊಂದೇ ಪೆಟ್ಟನ್ನು ಅವನು ಎಣಿಸುತ್ತಿದ್ದ, ಈಗ ಮೇಲೇರಿತು, ಈಗ ನಿಂತಿತು, ಈಗ ಬಿತ್ತು. ಅವನೊಬ್ಬನಿಗೇ ಕೇಳುತ್ತಿತ್ತು. ಪ್ರಕಾಶನ ನಗು ಮೊದಲು ಗಟ್ಟಿಯಾಯಿತು, ಆಮೇಲೆ ಸಡಿಲವಾಯಿತು. ಕಣ್ಣು ಬಿಟ್ಟ. ಯಾರೋ ಹಿಂದೆ ಶಿಳ್ಳೆ ಹೊಡೆದರು. "ಮಿಷನ್ ಕೆಟ್ಟೋಗೈತೆ, ಮೆಂಟೆನೆನ್ಸೋರ್ನ ಕರೀರೀ!" ಎಂದು ಇನ್ನೊಬ್ಬ ಕೂಗಿದ. ಬಯಲೆಲ್ಲ ನಕ್ಕಿತು. ವಜೀರ ಬೆವರುತ್ತ ಬಾಗಿದ. ಅವನ ಕೈ ಹೊಸೆದ ವೈರಿನ ಕಡೆ ಹೋಯಿತು. ಎರಡರಲ್ಲಿ ಒಂದನ್ನು ಎಳೆದರೂ ಸಾಕು, ಬಾಸು ಬಯಲಿನ ಮೇಲೆ ಎದ್ದು ನಿಲ್ಲುತ್ತಿತ್ತು. ವಜೀರ ಟೇಪನ್ನು ಬೆರಳಲ್ಲಿ ಒತ್ತಿ ಭದ್ರಮಾಡಿ, ವಾಲ್ಯೂಮನ್ನು ಪೂರಾ ತಿರುಗಿಸಿದ. ಅದೇ ಕ್ಷಣಕ್ಕೆ ಹುಡುಗಿಯ ದನಿ ಶುರುವಾಯಿತು. ಕಂಬಕಂಬದಿಂದ ಅದು ಕಿರುಚಿಕೊಂಡು ಬಿದ್ದ ಹೊಡೆತಕ್ಕೆ ಹೆಂಗಸರು ಕಿವಿ ಮುಚ್ಚಿಕೊಂಡರು, ಮಕ್ಕಳು ಅತ್ತವು, ಸ್ಟೇಜಿನ ಮೇಲಿದ್ದ ಅತಿಥಿಯೊಬ್ಬರು ಕುರ್ಚಿಸಮೇತ ಹಿಂದಕ್ಕೆ ವಾಲಿದರು. ನಗು ಇನ್ನೂ ಜೋರಾಯಿತು. ವಜೀರ ಅವಸರದಲ್ಲಿ ವಾಲ್ಯೂಮ್ ಇಳಿಸಿದ.

ಹಾಡು ಸಾಗಿತು. ತಮಟೆ ಬಂದ ಮೇಲೆ ಜನ ಚಪ್ಪಾಳೆ ತಟ್ಟತೊಡಗಿದರು. ನಗಬೇಕಾದ್ದನ್ನು ನಕ್ಕು ಮುಗಿಸಿ ಎಲ್ಲರೂ ಹಾಡಿಗೆ ಒಗ್ಗಿಹೋದರು. ಬಾಸಿಲ್ಲದ್ದು ಯಾರಿಗೂ ಕೊರತೆ ಅನ್ನಿಸಲಿಲ್ಲ. ಒಬ್ಬನಿಗೆ ಬಿಟ್ಟು. ಪ್ರಕಾಶ ಸ್ಟೇಜಿನಿಂದ ಕೆಳಗಿಳಿದ. ಮೊದಲ ಕಂಬದ ಹತ್ತಿರ ಹೋಗಿ ಸ್ಪೀಕರಿನ ಬಟ್ಟೆಗೆ ಕಿವಿ ಒತ್ತಿ ನಿಂತ. ಅಲ್ಲಿಂದ ಎರಡನೆಯದಕ್ಕೆ. ಅಲ್ಲಿಂದ ಆಚೆಯದಕ್ಕೆ. ರೇಷ್ಮೆ ಜುಬ್ಬ, ಕೊರಳಲ್ಲಿ ಹಾರ, ಜನರ ಕಾಲು ತುಳಿಯುತ್ತ, ಬೈಸಿಕೊಳ್ಳುತ್ತ, ಕಂಬದಿಂದ ಕಂಬಕ್ಕೆ ಬಾಗಿ ಬಾಗಿ ಹುಡುಕುತ್ತಿದ್ದ. ತಪ್ಪಿಸಿಕೊಂಡ ಕರುವನ್ನು ಹುಡುಕುವವನ ಹಾಗೆ. ನೋಡಿ ನಗಲು ಬಂದಿದ್ದ ನಟರಾಜುವಿಗೆ ನಗಲಾಗಲಿಲ್ಲ. ತನ್ನ ಸದ್ದನ್ನು ಈ ಭೂಮಿಯ ಮೇಲೆ ಹೀಗೆ ಹುಡುಕಿದವರು ಇನ್ನೊಬ್ಬರಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಈಗ ಹುಡುಕುತ್ತೀಯಾ? ಹುಡುಕು.

ಹಾಡು ಮುಗಿದು ಪ್ರಕಾಶ ವಾಪಸು ಬಂದವನೇ ವಜೀರನ ಕಾಲರು ಹಿಡಿದ. "ಎಂಥ ಸೆಟ್ಟೋ ಇದು? ಎಲ್ಲೋಯ್ತು ಬಾಸು? ಶುರುನಲ್ಲಿ ಪೂರಾ ಬಾಸಿತ್ತು, ನುಂಗ್ಬುಟ್ಟಲ್ಲೋ!"

"ನನ್ ಸೆಟ್ಟಲ್ಲಿ ಏನೂ ತಪ್ಪಿಲ್ಲ ಅಣ್ಣ," ವಜೀರ ಅವನ ಕೈ ಬಿಡಿಸಿಕೊಳ್ಳಲು ನೋಡಿದ. "ಹುಡುಗಿ ದನಿ ಬಂತಲ್ಲ? ತಮಟೆ ಬಂತಲ್ಲ? ಇದ್ದುದ್ದೆಲ್ಲಾ ಬಂದೈತೆ. ಸೀಡಿನೇ ಖಾಲಿ."

"ಮೊದ್ಲು ಒಸಿ ಖಾಲಿ ಇತ್ತು ಅಷ್ಟೆ, ಆಮೇಲೆ ಚೆನ್ನಾಗೇ ಇತ್ತು ಬುಡಿ ಮೇಷ್ಟ್ರೇ," ಎಂದು ಚಲುವಯ್ಯ ನಡುವೆ ಬಂದ. "ಪಾಪ, ಅವನ್ನ ಯಾಕೆ ಹಿಡ್ಕೊತೀರಾ."

"ಖಾಲಿ ಅಲ್ಲ ಚಲುವಯ್ಯ! ನನ್ ಕಿವ್ಯಾರೆ ಕೇಳಿವ್ನಿ. ನೂರ್ ಸಲ ಕೇಳಿವ್ನಿ." ಪ್ರಕಾಶ ಸುತ್ತ ನೋಡಿದ. ನಟರಾಜು ಕಣ್ಣಿಗೆ ಬಿದ್ದ. ಮುಖ ಅರಳಿತು. ವಜೀರನನ್ನು ಬಿಟ್ಟು ಬಂದು ಇವನ ಮೊಣಕೈ ಹಿಡಿದು ಎಲ್ಲರ ನಡುವೆ ಎಳೆದುಕೊಂಡ. "ಇವ್ನೇ ನುಡಿಸಿದ್ದು. ಕೇಳಿ ಇವನ್ನ. ಹೇಳ್ಲಾ ನಟ್ರಾಜ, ಬಾಸ್ ಇತ್ತು ತಾನೆ? ಹೆಂಗಿತ್ತು ಅಂತ ಹೇಳು ಇವ್ರಿಗೆ."

ಎಲ್ಲರೂ ಅವನನ್ನು ನೋಡುತ್ತಿದ್ದರು. ಚಲುವಯ್ಯ, ಕಾಲರು ಸರಿಮಾಡಿಕೊಳ್ಳುತ್ತಿದ್ದ ವಜೀರ, ಜೊತೆ ಪಾಳಿಯವರು, ಸುದ್ದಿ ಏನೆಂದು ಎದ್ದು ಬಂದಿದ್ದ ಹೆಂಗಸರು, ಅವರ ನಡುವೆ ಭಾನುಪ್ರಿಯ. ಟೇಬಲ್ಲಿನ ಮೇಲೆ ಟೇಪು ಸುತ್ತಿದ ಗಂಟು ಕೈಗೆಟಕುವಷ್ಟು ದೂರದಲ್ಲಿತ್ತು. ಬಿಳಿ ವೈರನ್ನು ಕಿತ್ತು, ಈಗ ಹಾಕು ವಜೀರಾ ಎಂದರೆ ಆಗಿತ್ತು. ಅವನು ಜೀವಮಾನದಲ್ಲಿ ನುಡಿಸಿದ ಅತಿ ಒಳ್ಳೆಯದನ್ನು ಇಡೀ ಹಾರೋಹಳ್ಳಿ ಕೇಳುತ್ತಿತ್ತು, ಎದೆ ನಡುಗಿಸಿಕೊಂಡು ಕೇಳುತ್ತಿತ್ತು. ಪ್ರಕಾಶ ಗೆಲ್ಲುತ್ತಿದ್ದ, ಅಷ್ಟೇ. ತನ್ನ ಬಾಸು ಕೇಳಿಸಬೇಕಾದರೆ ಪ್ರಕಾಶ ಗೆಲ್ಲಬೇಕು, ಪ್ರಕಾಶ ಸೋಲಬೇಕಾದರೆ ಬಾಸು ಇರಲೇಬಾರದು. ಮೊಣಕೈ ಮೇಲೆ ಅವನ ಬೆರಳು ಬೆಚ್ಚಗಿತ್ತು.

"ಯಾವ ಬಾಸು ಪ್ರಕಾಶಣ್ಣ?" ಎಂದ ನಟರಾಜು. "ನಾನೇನೂ ನುಡಿಸ್ಲಿಲ್ವಲ್ಲ. ನೀನು ಕೊಟ್ಟಿದ್ದನ್ನೇ ಸೀಡಿ ಮಾಡ್ಕೊಟ್ಟೆ."

ಯಾರೋ ಕಿಸಕ್ಕನೆ ನಕ್ಕರು. ಪ್ರಕಾಶ ಮೊಣಕೈ ಬಿಡಲಿಲ್ಲ. ಇವನ ಮುಖವನ್ನೇ ನೋಡಿದ. ಮೊದಲು ಅವನಿಗೆ ಮಾತು ಅರ್ಥವಾಗಲಿಲ್ಲ. ಆಮೇಲೆ ನಿಧಾನವಾಗಿ ಆಯಿತು. ಹೇಗೆ ಮಾಡಿದ ಎಂದು ತಿಳಿದಿರಲಿಕ್ಕಿಲ್ಲ, ಯಾಕೆ ಮಾಡಿದ ಎಂದೂ ತಿಳಿದಿರಲಿಕ್ಕಿಲ್ಲ. ಯಾರು ಎಂಬುದು ತಿಳಿಯಿತು. ಕೈ ಬಿಟ್ಟ. ಸ್ಟೇಜು ಹತ್ತಿ, ಹಾರ ತೆಗೆದು ಕುರ್ಚಿಯ ಮೇಲಿಟ್ಟು, ಮೈಕು ತೆಗೆದುಕೊಂಡ.

"ವಜೀರಂದು ತಪ್ಪಿಲ್ಲ. ಶುರುನಲ್ಲಿ ಏನೂ ಇರ್ಲಿಲ್ಲ. ನಂಗೇ ಕೇಳ್ದಂಗಾಗಿತ್ತು," ಅಂದ. ದನಿ ಕಂಬಕಂಬದಿಂದಲೂ ಸ್ಪಷ್ಟವಾಗಿ ಬಂತು. ಆಮೇಲೆ ಮೈಕು ಕೆಳಗಿಟ್ಟು, ಸ್ಟೇಜಿನ ಅಂಚಿಗೆ ಬಂದು ಬಾಗಿ, ಇವನೊಬ್ಬನಿಗೆ ಕೇಳುವ ಹಾಗೆ, "ನಿನ್ ಕಂಪ್ಯೂಟ್ರಲ್ಲಿರೋದ್ನೂ ಅಳಿಸ್ಬುಡು ನಟ್ರಾಜ. ಇಲ್ದೇ ಇರೋದು ಯಾಕಿರ್ಬೇಕು," ಎಂದ. ಸಿಟ್ಟಿರಲಿಲ್ಲ ಮಾತಿನಲ್ಲಿ. ಚಲುವಯ್ಯ ಶಾಲು ತರಲು ಹೇಳಿದ. ಹಾಡನ್ನು ಇನ್ನೊಮ್ಮೆ ಹಾಕಿ ಎಂದು ಜನ ಕೂಗಿದರು. ಮುಂದಿನ ವರ್ಷಕ್ಕೂ ಇದೇ ಹಾಡು ಇರಲಿ ಎಂದು ಚಲುವಯ್ಯ ಅಂದ. ವಜೀರ ಈ ಸಲ ಖಾಲಿ ಭಾಗವನ್ನು ಬಿಟ್ಟು, ಹುಡುಗಿಯ ದನಿಯಿಂದಲೇ ಶುರು ಮಾಡಿದ. ಬಹಳ ಚೆನ್ನಾಗಿತ್ತು.

ಬಸ್‌ಸ್ಟ್ಯಾಂಡಿನ ಕಡೆ ನಡೆಯುವಾಗ ಭಾನುಪ್ರಿಯ ಒಂದೆರಡು ಹೆಜ್ಜೆ ಹಿಂದೆಯೇ ಬರುತ್ತಿದ್ದಳು. ಕಾರ್ಖಾನೆಗಳ ಕಾಂಪೌಂಡಿನ ಪಕ್ಕಕ್ಕೆ ಬಂದರು. ಎರಡನೆಯ ಪಾಳಿಯ ಪ್ರೆಸ್ಸುಗಳು ಗೋಡೆಯಾಚೆ ಬೀಳುತ್ತಿದ್ದವು. ಅಲ್ಲಿ ಅವಳು ನಿಂತಳು.

"ಮೇಷ್ಟ್ರು ಮನೆಗೆ ಬಂದಾವತ್ತು ಇಡೀ ಬೆಳಿಗ್ಗೆ ನುಡಿಸಿದ್ರಲ್ಲ. ನಾನು ಅಡಿಗೆಮನೇಲಿ ಒಲೆ ಆರ್ಸಿ ಕೇಳ್ತಾ ಕೂತಿದ್ದೆ. ಅದೇನು ಹಂಗಾರೆ?"

ನಟರಾಜು ತಿರುಗಿ ನೋಡಲಿಲ್ಲ.

"ಆಂಪು ಕೆಟ್ಟೋಗಿತ್ತು," ಎಂದ. "ರಿಪೇರಿ ಮಾಡ್ತಿದ್ದೆ."